ಎಐ ಚಿತ್ರ–ವಿಡಿಯೋ ಸಾಧನಗಳ ಆಯ್ಕೆ: ಉಡುಪಿ ಸೀಮೆಯ ಕಲಾವೃತ್ತಿಗಳ ಹಿನ್ನೆಲೆಯಲ್ಲಿ

ಬರೆದು ಕೊಟ್ಟ ವಿವರಣೆಯಿಂದಲೋ ಒದಗಿಸಿದ ಫೋಟೋದಿಂದಲೋ ಹೊಸ ಚಿತ್ರವನ್ನು ಅಥವಾ ಕೆಲವು ಸೆಕೆಂಡುಗಳ ಚಲಿಸುವ ದೃಶ್ಯವನ್ನು ಹುಟ್ಟಿಸುವ, ಇರುವ ಚಿತ್ರವನ್ನು ತಿದ್ದಿ ಕೊಡುವ ತಂತ್ರಾಂಶಗಳನ್ನು ರೂಢಿಯಲ್ಲಿ ಎಐ ಚಿತ್ರ–ವಿಡಿಯೋ ಸಾಧನಗಳೆನ್ನುತ್ತಾರೆ. 2022ರ ನಡುವಿನಿಂದ ಇವು ಜನಸಾಮಾನ್ಯರ ಕೈಗೆ ಬಂದವು. ಇಂದು ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವ ಕೆಲಸಕ್ಕೆ ಯಾವುದನ್ನು ಹಚ್ಚಬೇಕು ಎಂಬ ಪ್ರಶ್ನೆ ಬೆಂಗಳೂರಿನ ಜಾಹೀರಾತು ಸಂಸ್ಥೆಗೆ ಎಷ್ಟು ದೊಡ್ಡದೋ ಕಟಪಾಡಿಯ ಫ್ಲೆಕ್ಸ್ ಅಂಗಡಿಗೂ ಅಷ್ಟೇ ದೊಡ್ಡದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಹಾಗೂ ಸಮುದ್ರದಂಚಿನ ಮಟ್ಟು ಗ್ರಾಮವನ್ನೊಳಗೊಂಡ ಸೀಮೆಯಲ್ಲಿ ಚಿತ್ರವನ್ನೇ ನಂಬಿ ಬದುಕುವವರ ದೃಷ್ಟಿಯಿಂದ ಈ ಆಯ್ಕೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ವೃತ್ತಿಯ ನೆಲೆ

ಈ ಭಾಗದಲ್ಲಿ ಚಿತ್ರದ ಉದ್ಯಮ ಹೊಸತಲ್ಲ. ಮಣಿಪಾಲದ ಮುದ್ರಣಾಲಯ 1941ರಷ್ಟು ಹಳೆಯದು. ‘ಉದಯವಾಣಿ’ ದೈನಿಕ 1970ರಲ್ಲಿ, ‘ತರಂಗ’ ವಾರಪತ್ರಿಕೆ 1983ರಲ್ಲಿ ಅಲ್ಲಿಂದಲೇ ಹೊರಟವು. ಪತ್ರಿಕೆಗಳ ಜೊತೆಯಲ್ಲೇ ಪುಟ ವಿನ್ಯಾಸಕಾರರು, ವ್ಯಂಗ್ಯಚಿತ್ರಕಾರರು, ಕಥೆಗೆ ಚಿತ್ರ ಬರೆಯುವವರು ಬೆಳೆದರು. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರ್ (1911–1996) ದೇಶದ ದೊಡ್ಡ ಚಿತ್ರಕಾರರ ಸಾಲಿಗೆ ಸೇರಿದರು. ರೋಬೋಸಾಫ್ಟ್ ಕಂಪನಿ 1996ರಲ್ಲಿ ಉಡುಪಿಯಲ್ಲಿ ಶುರುವಾಯಿತು. ಅದೇ ಊರಿನ 99ಗೇಮ್ಸ್ ಮೊಬೈಲ್ ಆಟಗಳಿಗೆ ಪಾತ್ರ, ಹಿನ್ನೆಲೆಗಳನ್ನು ಚಿತ್ರಿಸುವ ಹುಡುಗ–ಹುಡುಗಿಯರಿಗೆ ಕೆಲಸ ಕೊಟ್ಟಿತು. ಇವರ ಜೊತೆಗೆ ಮದುವೆ, ಉಪನಯನ, ಬ್ರಹ್ಮಕಲಶ, ಕಂಬಳ, ಯಕ್ಷಗಾನ ಮೇಳದ ಆಟ ಎಂದು ವರ್ಷವಿಡೀ ಓಡಾಡುವ ಫೋಟೋಗ್ರಾಫರುಗಳು, ಆಮಂತ್ರಣ ಪತ್ರಿಕೆ ಮಾಡುವವರು, ತುಳು ಸಿನಿಮಾದ ಪೋಸ್ಟರ್ ಕಲಾವಿದರು, ಹೋಟೆಲು–ಹೋಮ್‌ಸ್ಟೇಗಳಿಗೆ ರೀಲ್ಸ್ ಮಾಡಿಕೊಡುವವರು ಇದ್ದಾರೆ. ಎಐ ಸಾಧನದ ಮುಖ್ಯ ಗಿರಾಕಿಗಳು ಈ ಎರಡನೆಯ ಗುಂಪಿನವರೇ. ಆದರೆ ಈ ಸಾಧನಗಳ ಕುರಿತ ಬರಹಗಳಲ್ಲಿ ಹೆಚ್ಚಿನವು ಅಮೆರಿಕದ ದೊಡ್ಡ ಸ್ಟುಡಿಯೋಗಳನ್ನು ಎದುರಿಗಿಟ್ಟುಕೊಂಡು ಬರೆದವು.

ಒಳಗಿನ ಕೆಲಸ

ಈಗಿನ ಸಾಧನಗಳಲ್ಲಿ ಹೆಚ್ಚಿನವು ‘ಡಿಫ್ಯೂಷನ್’ ಎಂಬ ವಿಧಾನದ ಮೇಲೆ ನಿಂತಿವೆ. ಕೋಟಿಗಟ್ಟಲೆ ಚಿತ್ರಗಳಿಗೆ ಹಂತಹಂತವಾಗಿ ಚುಕ್ಕೆಗಳ ಗದ್ದಲ ಬೆರೆಸಿ, ಆ ಗದ್ದಲವನ್ನು ತೆಗೆಯುವುದನ್ನು ಮಾದರಿಗೆ ಕಲಿಸಲಾಗುತ್ತದೆ. ಕಲಿತ ಮೇಲೆ ಬರೀ ಗದ್ದಲದಿಂದ ಹೊರಟು, ಬರೆದುಕೊಟ್ಟ ಮಾತಿನ ಒತ್ತಾಸೆಯಲ್ಲಿ ಹೊಸ ಚಿತ್ರಕ್ಕೆ ಬರುತ್ತದೆ. ಮಾತಿಗೂ ಚಿತ್ರಕ್ಕೂ ನಂಟು ಹಾಕಿಕೊಟ್ಟದ್ದು ಅಂತರಜಾಲದಲ್ಲಿ ಚಿತ್ರದ ಜೊತೆ ಸಿಕ್ಕ ಬರಹ. ಆ ಬರಹದ ಬಹುಪಾಲು ಇಂಗ್ಲಿಷಿನದು. ಹೀಗಾಗಿ ಜಗತ್ತು ಹೆಚ್ಚು ಸಲ ಫೋಟೋ ತೆಗೆದು ಹೆಸರು ಬರೆದ ವಸ್ತು ಮಾದರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಗಿಲ್ಲದ್ದನ್ನು ಅದು ಹತ್ತಿರದ ಇನ್ನೊಂದರಿಂದ ತುಂಬಿಕೊಳ್ಳುತ್ತದೆ. ಇಲ್ಲಿನವರ ಆಯ್ಕೆ ನಿರ್ಧಾರವಾಗಬೇಕಾದದ್ದು ಈ ಒಂದು ಗುಣದ ಮೇಲೆಯೇ ಎಂಬುದು ಈ ಲೇಖನದ ನಿಲುವು.

ಊರಿನ ವಸ್ತು ಮತ್ತು ಮಾದರಿಯ ಅಂದಾಜು

ಮಟ್ಟುಗುಳ್ಳವನ್ನೇ ತೆಗೆದುಕೊಳ್ಳಿ. ಯತಿ ವಾದಿರಾಜರ ಹೆಸರಿನೊಂದಿಗೆ ಕಥೆಯಾಗಿ ಹೆಣೆದುಕೊಂಡಿರುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಗುಂಡಗೆ, ತಿಳಿಹಸಿರು ಬಣ್ಣ, ಮೇಲೆ ಬಿಳಿಯ ಗೆರೆಗಳು, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ‘ಬದನೆಕಾಯಿ’ ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೆ ಹೊಳೆಯುವ ನೇರಳೆ ಬಣ್ಣದ ಉದ್ದ ಕಾಯಿ ಬರುವುದು ಸಾಮಾನ್ಯ. ಹಸಿರು, ಗುಂಡು, ಬಿಳಿಗೆರೆ ಎಂದು ಸೇರಿಸುತ್ತ ಹೋದರೆ ಗುಳ್ಳದಂಥದೊಂದು ಬರಬಹುದು, ಆದರೆ ಅದು ಮಟ್ಟುವಿನದಾಗುವುದಿಲ್ಲ. ಬೇರೆ ಊರಿನ ಕಾಯಿಯನ್ನು ಮಟ್ಟುಗುಳ್ಳವೆಂದು ಮಾರುವುದನ್ನು ತಡೆಯಲು ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸುವ ಪದ್ಧತಿ ತಂದರು. ಅಂಥ ಬೆಳೆಯ ಜಾಹೀರಾತಿಗೆ ಎಲ್ಲಿಯೂ ಬೆಳೆಯದ ಕಾಯಿಯ ಚಿತ್ರ ಹಾಕುವುದು ತಮಾಷೆಯಷ್ಟೇ ಆಗಿ ಉಳಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವಿದೆ. ಇಲ್ಲಿ ಸರಿಯಾದ ಸಾಧನವೆಂದರೆ ನಿಜವಾದ ಕಾಯಿಯ ಫೋಟೋವನ್ನು ಮುಟ್ಟದೆ ಹಿನ್ನೆಲೆ, ಬೆಳಕು, ನೆರಳುಗಳನ್ನಷ್ಟೇ ಬದಲಿಸುವಂಥದ್ದು. ಉಡುಪಿಯಿಂದ ಮಟ್ಟುವಿಗೆ ಅರ್ಧ ಗಂಟೆಯ ದಾರಿ. ಕ್ಯಾಮೆರಾ ಹಿಡಿದು ಹೊರಟರೆ ಕೆಲಸದ ಮುಕ್ಕಾಲು ಪಾಲು ಅಲ್ಲಿಯೇ ಮುಗಿಯುತ್ತದೆ.

ಯಕ್ಷಗಾನದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ದಕ್ಷಿಣಕ್ಕೆ ತೆಂಕುತಿಟ್ಟು ಎಂದು ಸ್ಥೂಲವಾಗಿ ಹೇಳುವುದುಂಟು. ಈ ಸೀಮೆ ಎರಡೂ ಕೂಡುವ ಜಾಗ. ಬಡಗಿನ ಕೇದಗೆ ಮುಂದಲೆ, ಕಸೆ ಸೀರೆ ಒಂದು ಬಗೆ. ತೆಂಕಿನ ಕಿರೀಟ, ಬಣ್ಣದ ವೇಷದ ಚುಟ್ಟಿ ಇನ್ನೊಂದು. ಬರೀ ಮಾತಿನಿಂದ ಚಿತ್ರ ಕೇಳಿದಾಗ ಸಾಧನಗಳು ಇವೆರಡನ್ನೂ ಕಲಸಿ, ಮೇಲೆ ಕಥಕಳಿಯ ಹಸಿರು ಮುಖವನ್ನೂ ಹಚ್ಚಿ ಕಳಿಸುತ್ತವೆ. ಚಿತ್ರ ಬಲು ಚೆಂದ. ಹೊರಗಿನವರ ಕಣ್ಣಿಗೆ ದೋಷವೇ ಕಾಣದು. ಆದರೆ ಮೇಳದ ಪೋಸ್ಟರ್ ನೋಡುವವರು ಹೊರಗಿನವರಲ್ಲ. ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಎದೆಕಟ್ಟಿನ ತಪ್ಪನ್ನು ದೂರದಿಂದಲೇ ಹೇಳಿಬಿಡುತ್ತಾರೆ. ಇದಕ್ಕೆ ಬಳಕೆಯಲ್ಲಿರುವ ಪರಿಹಾರ ‘ಲೋರಾ’ ತರಬೇತಿ. ಒಂದೇ ಬಗೆಯ ವೇಷದ ಕೆಲವು ಹತ್ತು ಒಳ್ಳೆಯ ಫೋಟೋಗಳನ್ನು ಕೊಟ್ಟು, ದೊಡ್ಡ ಮಾದರಿಯ ಮೇಲೆ ಚಿಕ್ಕದೊಂದು ಪೂರಕ ಪದರವನ್ನು ಕಲಿಸುವ ಕ್ರಮವಿದು. ಸ್ಟೇಬಲ್ ಡಿಫ್ಯೂಷನ್, ಫ್ಲಕ್ಸ್‌ನಂಥ ತೆರೆದ ಮಾದರಿಗಳಲ್ಲಿ ಇದನ್ನು ಸ್ವಂತ ಕಂಪ್ಯೂಟರಿನಲ್ಲೇ ಮಾಡಬಹುದು. ಬರೀ ಭಂಗಿಯನ್ನು ಹಿಡಿದಿಟ್ಟರೆ ಸಾಕೆನ್ನುವವರಿಗೆ 2023ರಲ್ಲಿ ಬಂದ ‘ಕಂಟ್ರೋಲ್‌ನೆಟ್’ ಉಂಟು. ಫೋಟೋ ಯಾರದು, ವೇಷ ಕಟ್ಟಿದವರ ಒಪ್ಪಿಗೆ ಇದೆಯೇ ಎಂಬುದು ಆ ತರಬೇತಿಗೂ ಮೊದಲು ಕೇಳಬೇಕಾದ ಮಾತು.

ಕಾರ್ಕಳದ ಗೊಮ್ಮಟ ತರುವ ತೊಂದರೆ ವಿಚಿತ್ರ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಈ ಮೂರ್ತಿ ದಿಗಂಬರ. ಚಿತ್ರ ಸೇವೆಗಳ ನಗ್ನತೆಯ ಸೋಸುಗ ಆರಾಧನೆಯ ಮೂರ್ತಿ ಯಾವುದು, ಅಶ್ಲೀಲ ಯಾವುದು ಎಂದು ಪ್ರತಿ ಸಲವೂ ಬೇರ್ಪಡಿಸಲಾರದು. ಕೆಲವು ಸೇವೆಗಳು ಬೇಡಿಕೆಯನ್ನೇ ತಿರಸ್ಕರಿಸಬಹುದು. ಇನ್ನು ಕೆಲವು ಮೂರ್ತಿಗೆ ಬಟ್ಟೆ ಉಡಿಸಿಯೋ ಬಳ್ಳಿಯನ್ನು ಸೊಂಟದವರೆಗೆ ಸುತ್ತಿಯೋ ಕೊಡಬಹುದು. ಮಹಾಮಸ್ತಕಾಭಿಷೇಕದ ಸ್ಮರಣ ಸಂಚಿಕೆ ಮಾಡುವವರಿಗೆ ಅದು ನಡೆಯುವ ಮಾತೇ ಅಲ್ಲ. ತನ್ನ ಯಂತ್ರದಲ್ಲೇ ಓಡುವ ತೆರೆದ ಮಾದರಿಯೋ, ಫೋಟೋ ಇಟ್ಟುಕೊಂಡು ಆಕಾಶ, ಜನಜಂಗುಳಿ ಮಾತ್ರ ತಿದ್ದುವ ಕ್ರಮವೋ ಅಲ್ಲಿಗೆ ಸರಿ.

ದೈವಾರಾಧನೆಯ ಸಂಗತಿ ಬೇರೆಯೇ. ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರಿನಲ್ಲಿ ತೆರೆಕಂಡಾಗ, ಅಭಿಮಾನಿಗಳು ದೈವದ ವೇಷದಲ್ಲಿ ಚಿತ್ರಮಂದಿರಕ್ಕೆ ಬಂದದ್ದಕ್ಕೆ ಕರಾವಳಿಯಲ್ಲಿ ಬೇಸರ ವ್ಯಕ್ತವಾಗಿ, ದೈವವನ್ನು ಅನುಕರಿಸಬೇಡಿರೆಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ವೇಷ ಹಾಕಿದ್ದಕ್ಕೇ ಹೀಗಾದರೆ ಯಂತ್ರ ಹುಟ್ಟಿಸಿದ ಪಂಜುರ್ಲಿ ದೈವದ ಚಿತ್ರ ಜಾಹೀರಾತಿನಲ್ಲಿ ಬಂದರೆ ಏನಾದೀತೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಇದು ಯಾವ ಸಾಧನವೆಂಬ ಪ್ರಶ್ನೆಯೇ ಅಲ್ಲ. ಗುತ್ತಿನ ಮನೆತನದವರನ್ನೂ ದೈವ ಕಟ್ಟುವವರನ್ನೂ ಕೇಳದೆ ಮಾಡಬಾರದ ಕೆಲಸ.

ಚಿತ್ರ ಸಾಧನಗಳು

ಮಿಡ್‌ಜರ್ನಿ 2022ರ ಜುಲೈಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಬೆಳಕು, ಬಣ್ಣ, ಭಾವದಲ್ಲಿ ಅದರ ಚಿತ್ರಗಳಿಗೆ ಒಂದು ಠೀವಿಯಿದೆ. ಪುಸ್ತಕದ ಮುಖಪುಟದ ಮೊದಲ ಕಲ್ಪನೆ, ಕಥೆಯ ಚಿತ್ರ, ಸಿನಿಮಾದ ಕಲಾ ನಿರ್ದೇಶನದ ಚರ್ಚೆಗೆ ಅದು ಒದಗುತ್ತದೆ. ಆದರೆ ಸಾಮಾನ್ಯ ಚಂದಾದಲ್ಲಿ ಮಾಡಿದ ಚಿತ್ರಗಳು ಬೇರೆಯವರಿಗೂ ಕಾಣುತ್ತವೆ. ಗುಟ್ಟಾಗಿಡುವ ಸೌಲಭ್ಯ ದುಬಾರಿ ಚಂದಾಗಳಿಗೆ ಮಾತ್ರ. ಬಿಡುಗಡೆಯಾಗದ ಸಿನಿಮಾದ ಪೋಸ್ಟರ್ ಮಾಡುವವರು ಇದನ್ನು ಮರೆಯಬಾರದು.

ಅಡೋಬಿಯ ಫೈರ್‌ಫ್ಲೈ 2023ರ ಮಾರ್ಚಿನಲ್ಲಿ ಪ್ರಯೋಗಕ್ಕೆ ಬಂತು. ತನ್ನದೇ ಸ್ಟಾಕ್ ಸಂಗ್ರಹದ ಪರವಾನಗಿಯುಳ್ಳ ಚಿತ್ರಗಳು, ಹಕ್ಕಿನ ಅವಧಿ ಮುಗಿದ ಚಿತ್ರಗಳಿಂದ ಕಲಿಸಿದ್ದೆಂದು ಕಂಪನಿ ಹೇಳಿಕೊಂಡಿತು. ಅದೇ ವರ್ಷ ಫೋಟೋಶಾಪ್ ಒಳಗೆ ಬಂದ ‘ಜನರೇಟಿವ್ ಫಿಲ್’ ಫೋಟೋಗ್ರಾಫರುಗಳ ದಿನಚರಿಯನ್ನೇ ಬದಲಿಸಿತು. ಮಂಟಪದ ಹಿಂದಿನ ಬಕೆಟು, ವಿದ್ಯುತ್ ತಂತಿ, ಅಡ್ಡ ಬಂದ ಮೊಬೈಲಿನ ಕೈ ಇವನ್ನೆಲ್ಲ ಅಳಿಸಲು ಹಿಂದೆ ಗಂಟೆ ಬೇಕಿತ್ತು. ಮೊದಲ ಸಾಧನವಾಗಿ ಒಂದನ್ನೇ ಕೊಳ್ಳುವ ಫೋಟೋಗ್ರಾಫರಿಗೆ ಈ ಜಾತಿಯದು ಸಾಕು. ಹೊಸ ಚಿತ್ರ ಹುಟ್ಟಿಸುವುದಕ್ಕಿಂತ ಇದ್ದುದನ್ನು ತಿದ್ದುವುದರಿಂದಲೇ ಅವರ ಹೊಟ್ಟೆ ತುಂಬುವುದು.

ಮಾತುಕತೆಯಲ್ಲೇ ಚಿತ್ರ ತಿದ್ದುವ ಸಾಧನಗಳು 2025ರಲ್ಲಿ ಬಲಗೊಂಡವು. ಮಾರ್ಚಿನಲ್ಲಿ ಚಾಟ್‌ಜಿಪಿಟಿಯ ಹೊಸ ಚಿತ್ರ ಸೌಲಭ್ಯ ಬಂದೊಡನೆ ಎಲ್ಲೆಡೆ ಜಪಾನಿನ ಜಿಬ್ಲಿ ಸ್ಟುಡಿಯೋ ಶೈಲಿಯ ಮುಖಗಳು ತುಂಬಿದವು. ಆಗಸ್ಟಿನಲ್ಲಿ ಗೂಗಲ್ಲಿನ ‘ನ್ಯಾನೋ ಬನಾನಾ’ ಬಂದ ಮೇಲೆ ಸೀರೆಯುಟ್ಟ ಹಳೆಯ ಸಿನಿಮಾ ನಾಯಕಿಯರ ಅಲೆ. ಗದ್ದಲದ ಕೆಳಗೆ ನಿಜವಾದ ಲಾಭವೊಂದಿತ್ತು. ಕೊಟ್ಟ ಮುಖ, ಕೊಟ್ಟ ವಸ್ತು ಬದಲಾಗದಂತೆ ಸುತ್ತಲಿನದನ್ನು ಬದಲಿಸುವ ಶಕ್ತಿ ಇವುಗಳಿಗಿದೆ. ಜವಳಿ ಅಂಗಡಿ, ಚಿನ್ನದ ಅಂಗಡಿಗಳ ಕೆಲಸಕ್ಕೆ ಇದು ಉಪಯೋಗಿ. ಆದರೆ ಜರಿಯ ನೇಯ್ಗೆ, ಆಭರಣದ ಕುಸುರಿ ಜಾರಿದೆಯೇ ಎಂದು ಮೂಲದೊಂದಿಗೆ ದೊಡ್ಡದು ಮಾಡಿ ಹೋಲಿಸದೆ ಕಳಿಸಬಾರದು.

ತೆರೆದ ಮಾದರಿಗಳ ದಾರಿ 2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಬಂದಾಗ ತೆರೆಯಿತು. 2024ರ ಆಗಸ್ಟಿನಲ್ಲಿ ಫ್ಲಕ್ಸ್ ಬಂತು. ಇಲ್ಲಿ ಚಂದಾ ಇಲ್ಲ, ಸೋಸುಗವಿಲ್ಲ, ಗ್ರಾಹಕರ ಫೋಟೋ ಮನೆಯಿಂದಾಚೆ ಹೋಗುವುದಿಲ್ಲ. ಬದಲಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕು, ಕಂಫಿಯುಐಯಂಥ ತಂತ್ರಾಂಶ ಕಲಿಯುವ ತಾಳ್ಮೆ ಬೇಕು, ಮಳೆಗಾಲದಲ್ಲಿ ಕರೆಂಟೂ ಬೇಕು. ಪರವಾನಗಿಯಲ್ಲಿ ತಾರತಮ್ಯವಿದೆ: ಫ್ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ‘ಶ್ನೆಲ್’ ಯಾವ ಬಳಕೆಗೂ ಮುಕ್ತ, ‘ಡೆವ್’ಗೆ ವಾಣಿಜ್ಯೇತರ ಪರವಾನಗಿ. ‘ತೆರೆದದ್ದು’ ಎಂದೊಡನೆ ಎಲ್ಲಕ್ಕೂ ಬಿಟ್ಟಿ ಎಂದುಕೊಳ್ಳುವಂತಿಲ್ಲ.

ಕನ್ನಡ ಅಕ್ಷರ ಮತ್ತು ಮುದ್ರಣ

ಆಮಂತ್ರಣ ಪತ್ರಿಕೆಗೆ ಎಐ ಹಚ್ಚುವವರು ಮೊದಲು ಎಡವುವುದು ಇಲ್ಲಿ. ಚಿತ್ರ ಮಾದರಿ ಅಕ್ಷರವನ್ನು ಬರೆಯುವುದಿಲ್ಲ, ಅಕ್ಷರದ ಆಕಾರವನ್ನು ಚಿತ್ರಿಸುತ್ತದೆ. ಗುಣಿತದ ಕೊಂಬು, ಒತ್ತು, ಅರ್ಕಾವೊತ್ತು ಕೂಡುವ ಕನ್ನಡದಲ್ಲಿ ಆಕಾರ ಸ್ವಲ್ಪ ಜಾರಿದರೂ ಬೇರೆ ಅಕ್ಷರವೇ ಆಗಿಬಿಡುತ್ತದೆ. ಇತ್ತೀಚಿನ ಮಾದರಿಗಳು ಸುಧಾರಿಸಿವೆ. ಆದರೂ ‘ಶ್ರೀಕೃಷ್ಣ’, ‘ಬ್ರಹ್ಮಕಲಶೋತ್ಸವ’ದಂಥ ಶಬ್ದಗಳನ್ನು ಅವುಗಳಿಗೆ ವಹಿಸಬಾರದು. ಹಿನ್ನೆಲೆಯನ್ನು ಎಐ ಮಾಡಲಿ, ಅಕ್ಷರವನ್ನು ಯೂನಿಕೋಡ್ ಫಾಂಟಿನಲ್ಲಿ ವಿನ್ಯಾಸಕಾರರೇ ಕೂರಿಸಲಿ. ದೇವಸ್ಥಾನದ ಹೆಸರು ತಪ್ಪಿ ಅಚ್ಚಾದ ಸಾವಿರ ಪ್ರತಿಗಳ ಖರ್ಚನ್ನು ಯಾವ ಚಂದಾವೂ ತುಂಬಿಕೊಡುವುದಿಲ್ಲ.

ಅಳತೆಯ ಲೆಕ್ಕವೂ ಸರಳ. 1024 ಚುಕ್ಕೆ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಮೂರೂವರೆ ಅಂಗುಲವೂ ಬರುವುದಿಲ್ಲ. ಎ4 ಪುಟಕ್ಕೆ 2480 × 3508 ಚುಕ್ಕೆ ಬೇಕು. ಹತ್ತು ಅಡಿ ಅಗಲದ ಫ್ಲೆಕ್ಸಿಗೆ ಅಂಗುಲಕ್ಕೆ 72ರ ಲೆಕ್ಕ ಹಿಡಿದರೂ 8640. ಹಾಗಾಗಿ ಚಿತ್ರವನ್ನು ಹಿಗ್ಗಿಸುವ ಸಾಧನವನ್ನೂ ಸೇರಿಸಿಯೇ ಬಜೆಟ್ ಮಾಡಬೇಕು. ಟೋಪಾಜ್ ಹಣ ಕೊಟ್ಟು ಕೊಳ್ಳುವಂಥದು, ಅಪ್‌ಸ್ಕೇಲ್ ಬಿಟ್ಟಿಯದು. ಹಿಗ್ಗಿಸುವಾಗ ಮುಖದ ಗುರುತು ಬದಲಾಗುವ ಅಪಾಯವಿದೆ. ಪರದೆಯಲ್ಲಿ ಮಿನುಗುವ ಹಸಿರು–ಕಿತ್ತಳೆಗಳು ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತವೆ ಎಂಬುದು ಮುದ್ರಣದವರಿಗೆ ಹಳೆಯ ಸುದ್ದಿ, ಎಐ ಬಳಕೆದಾರರಿಗೆ ಹೊಸದು.

ವಿಡಿಯೋ ಸಾಧನಗಳು

ರನ್‌ವೇ 2023ರಲ್ಲಿ ಮೊದಲ ಸಾಲಿಗೆ ಬಂತು. ಓಪನ್‌ಎಐಯ ಸೋರಾ 2024ರ ಫೆಬ್ರವರಿಯಲ್ಲಿ ಸುದ್ದಿ ಮಾಡಿತು, ಬಳಕೆಗೆ ಬಂದದ್ದು ಡಿಸೆಂಬರಿನಲ್ಲಿ. ಅಷ್ಟರೊಳಗೆ ಚೀನಾದ ಕ್ವೈಶೌ ಕಂಪನಿಯ ಕ್ಲಿಂಗ್ ಜೂನಿನಲ್ಲೇ ಕೈಗೆ ಸಿಕ್ಕಿತ್ತು. 2025ರ ಮೇಯಲ್ಲಿ ಗೂಗಲ್ಲಿನ ವಿಯೋ 3 ದೃಶ್ಯದ ಜೊತೆಗೆ ಧ್ವನಿಯನ್ನೂ ಹುಟ್ಟಿಸಿತು. ಒಂದು ಸಲಕ್ಕೆ ಸಿಗುವುದು ಬಹುಮಟ್ಟಿಗೆ 5ರಿಂದ 10 ಸೆಕೆಂಡಿನ ತುಣುಕು, ಉಳಿದದ್ದೆಲ್ಲ ಜೋಡಣೆ. ತೆರೆದ ಮಾದರಿಗಳಲ್ಲಿ ಅಲಿಬಾಬಾದ ವ್ಯಾನ್ 2.1ರ ಚಿಕ್ಕ ಆವೃತ್ತಿ ಸುಮಾರು 8 ಜಿಬಿ ಸ್ಮೃತಿಯ ಗ್ರಾಫಿಕ್ಸ್ ಕಾರ್ಡಿನಲ್ಲೂ ಓಡುತ್ತದೆ.

ಕನ್ನಡದ ಮಟ್ಟಿಗೆ ‘ಲವ್ ಯು’ (2025) ಉಲ್ಲೇಖಿಸಬೇಕಾದ ಪ್ರಯೋಗ. ಬೆಂಗಳೂರಿನ ನರಸಿಂಹಮೂರ್ತಿ ನಿರ್ದೇಶಿಸಿದ, ಪೂರ್ತಿಯಾಗಿ ಎಐ ದೃಶ್ಯಗಳಿಂದಲೇ ಕಟ್ಟಿದ ಸುಮಾರು 95 ನಿಮಿಷಗಳ ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಯು/ಎ ಪ್ರಮಾಣಪತ್ರ ಸಿಕ್ಕಿತು. ವೆಚ್ಚ ಹತ್ತು ಲಕ್ಷ ರೂಪಾಯಿ ಎಂದು ವರದಿಯಾಯಿತು. ರನ್‌ವೇ, ಕ್ಲಿಂಗ್, ಮಿನಿಮ್ಯಾಕ್ಸ್ ಹೀಗೆ ಹಲವು ಸಾಧನಗಳನ್ನು ಅದಕ್ಕೆ ಬಳಸಿದ್ದರು. ಒಂದೇ ಸಾಧನ ಸಾಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕರಾವಳಿಯ ಕೆಲಸಕ್ಕೆ ನನ್ನ ಮಾಪನ ಇಷ್ಟು: ಅಲೆ, ಮೋಡ, ತೆಂಗಿನ ಗರಿ, ದೀಪದ ಕುಡಿ ಇವನ್ನು ಈ ಸಾಧನಗಳು ನಂಬುವಂತೆ ಅಲುಗಿಸುತ್ತವೆ. ಕಾಪುವಿನಲ್ಲಿ 1901ರಲ್ಲಿ ಬಂಡೆಯ ಮೇಲೆ ಎದ್ದ ದೀಪಸ್ತಂಭದ ಫೋಟೋ ಕೊಟ್ಟು ಕೆಳಗಿನ ಅಲೆಯನ್ನಷ್ಟೇ ಚಲಿಸಲು ಹೇಳಿದರೆ ಫಲ ಚೆನ್ನಾಗಿರುತ್ತದೆ. ಕ್ಯಾಮೆರಾ ಸುತ್ತು ಬರಲೆಂದರೆ, ಫೋಟೋದಲ್ಲಿ ಇಲ್ಲದ ಹಿಂಬದಿಯನ್ನು ಸಾಧನ ತಾನೇ ಕಟ್ಟಿಕೊಳ್ಳುತ್ತದೆ. ಇಲ್ಲದ ಕಿಟಕಿ, ಇಲ್ಲದ ಮೆಟ್ಟಿಲು ಬರುತ್ತವೆ. ಹುಲಿವೇಷದಲ್ಲಿ ಮೈಮೇಲಿನ ಪಟ್ಟೆಗಳು ಕುಣಿತದ ನಡುವೆ ಜಾಗ ಬದಲಿಸುತ್ತವೆ. ಚೆಂಡೆಯ ಪೆಟ್ಟಿಗೂ ಕೋಲಿನ ಏಟಿಗೂ ತಾಳ ಕೂಡುವುದಿಲ್ಲ. ಆ ದೃಶ್ಯಗಳಿಗೆ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಗೆ ಹೋಗಿ ಚಿತ್ರೀಕರಿಸುವುದೇ ಅಗ್ಗ.

ಹಕ್ಕಿನ ಪ್ರಶ್ನೆ

1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ ಕಲಮೊಂದು, ಕಂಪ್ಯೂಟರಿನಿಂದ ಉಂಟಾದ ಕೃತಿಗೆ ಅದನ್ನು ಉಂಟುಮಾಡಿಸಿದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಅದು ಬರೆದ ಕಾಲಕ್ಕೆ ಇಂಥ ಸಾಧನಗಳು ಯಾರ ಕಲ್ಪನೆಯಲ್ಲೂ ಇರಲಿಲ್ಲ. ಸಾಲು ಬರೆದು ಕೊಟ್ಟದ್ದೇ ‘ಉಂಟುಮಾಡಿಸಿದ್ದು’ ಆಗುತ್ತದೆಯೇ ಎಂಬುದು ಇತ್ಯರ್ಥವಾಗಿಲ್ಲ. ಅಮೆರಿಕದಲ್ಲಿ ಮನುಷ್ಯನ ಕೈವಾಡವಿಲ್ಲದ ಚಿತ್ರಕ್ಕೆ ಹಕ್ಕಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚಿನಲ್ಲಿ ಹೇಳಿತು. ಅದೇ ವರ್ಷ ಡಿಸ್ನಿ, ಯುನಿವರ್ಸಲ್ ಕಂಪನಿಗಳು ಮಿಡ್‌ಜರ್ನಿಯ ಮೇಲೆ ದಾವೆ ಹೂಡಿದವು.

ಕಲೆಯ ಶೈಲಿ ಯಾರ ಸೊತ್ತು ಎಂಬ ಜಗಳವನ್ನು ಉಡುಪಿ ಸೀಮೆ ಎಐಗಿಂತ ಬಹಳ ಮೊದಲೇ ಕಂಡಿದೆ. ಶಿವರಾಮ ಕಾರಂತರು ರಾಗ, ರಂಗಸಜ್ಜು, ವೇಷಭೂಷಣಗಳಲ್ಲಿ ಮಾರ್ಪಾಟು ತಂದು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಕಾರಂತರ 1994ರ ಉಯಿಲಿನ ಪ್ರಕಾರ ಹಕ್ಕು ತಮ್ಮದೆಂದು ಬಿ. ಮಾಲಿನಿ ಮಲ್ಯ ಕೋರ್ಟಿಗೆ ಹೋದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ಕಾಯ್ದೆಯೇ ಕೊಡುವ ವಿನಾಯಿತಿಗಳನ್ನು ಬಳಸಿಕೊಳ್ಳಲು ಅಕಾಡೆಮಿಗೆ ಅಡ್ಡಿಯಿಲ್ಲವೆಂದು ಪ್ರತಿಬಂಧಕಾಜ್ಞೆಯನ್ನು ಸಡಿಲಿಸಿತು. ಯಕ್ಷಗಾನ ಎಲ್ಲರದು, ಒಬ್ಬರು ಕಟ್ಟಿದ ಪ್ರಯೋಗ ಎಲ್ಲರದಲ್ಲ. ಲೋರಾ ತರಬೇತಿಗೆ ಯಾವ ಪ್ರದರ್ಶನದ ಫೋಟೋ ಬಳಸುತ್ತೇವೆಂಬುದು ಇಲ್ಲಿಗೆ ಬಂದು ಮುಟ್ಟುತ್ತದೆ. ಹೆಬ್ಬಾರರ ಚಿತ್ರಗಳ ಹಕ್ಕು ಕೂಡ, ಕಾಯ್ದೆಯ 60 ವರ್ಷದ ಲೆಕ್ಕದಲ್ಲಿ, 2056ರ ಕೊನೆಯವರೆಗೆ ನಡೆಯುತ್ತದೆ. ಅವರ ರೇಖೆಯ ಲಯದಿಂದ ಸ್ಫೂರ್ತಿ ಪಡೆಯಲು ಯಾರ ಅಪ್ಪಣೆಯೂ ಬೇಡ, ಅವರ ಕೃತಿಗಳನ್ನು ಮಾದರಿಗೆ ಉಣಿಸಿ ಪ್ರತಿರೂಪ ಮಾರುವುದು ಬೇರೆ ಮಾತು.

2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಐಟಿ ನಿಯಮಗಳ ತಿದ್ದುಪಡಿ, ನಿಜವೆಂಬಂತೆ ತೋರುವ ಕೃತಕ ದೃಶ್ಯ–ಧ್ವನಿಗಳಿಗೆ ಗುರುತು ಹಾಕಬೇಕೆನ್ನುತ್ತದೆ. ಬಣ್ಣ ತಿದ್ದುವುದು, ಗದ್ದಲ ತೆಗೆಯುವುದರಂಥ ದಿನನಿತ್ಯದ ಸಂಸ್ಕರಣೆಗೆ ವಿನಾಯಿತಿಯಿದೆ. ಮದುವೆ ಆಲ್ಬಮ್ಮಿನವರು ಇದರಿಂದ ಗಾಬರಿಯಾಗಬೇಕಿಲ್ಲ. ತೀರಿಕೊಂಡ ಅಜ್ಜನನ್ನು ಮಂಟಪದಲ್ಲಿ ನಿಲ್ಲಿಸಿ ವಿಡಿಯೋ ಮಾಡಿ ಹರಿಯಬಿಡುವವರು ಯೋಚಿಸಬೇಕು. ಗ್ರಾಹಕರೊಂದಿಗಿನ ಒಪ್ಪಂದದಲ್ಲೂ ಎಐ ತಿದ್ದುಪಡಿಗೆ ಒಪ್ಪಿಗೆಯ ಸಾಲೊಂದಿರಲಿ. 2025ರ ಆಗಸ್ಟಿನಲ್ಲಿ ‘ರಾಂಝಣಾ’ ಚಿತ್ರದ ಅಂತ್ಯವನ್ನು ಎಐ ಬಳಸಿ ಬದಲಿಸಿ ಮರುಬಿಡುಗಡೆ ಮಾಡಿದಾಗ ನಿರ್ದೇಶಕರೂ ನಾಯಕನಟರೂ ಪ್ರತಿಭಟಿಸಿದರು, ಆದರೆ ಚಿತ್ರ ತೆರೆಕಂಡಿತು.

ಹಣ ಮತ್ತು ಉಳಿಸಿಕೊಳ್ಳುವಿಕೆ

ಚಂದಾಗಳು ಹೆಚ್ಚಾಗಿ ಡಾಲರಿನಲ್ಲಿವೆ. ಕಾರ್ಡಿನ ವಿನಿಮಯ ಶುಲ್ಕ ಮತ್ತು ಶೇಕಡಾ 18 ಜಿಎಸ್‌ಟಿ ಸೇರಿದ ಮೇಲೆ ಜಾಹೀರಾತಿನ ದರ ಉಳಿಯುವುದಿಲ್ಲ. ತಿಂಗಳ ತಾನೇತಾನಾದ ಪಾವತಿಗೆ ರಿಸರ್ವ್ ಬ್ಯಾಂಕು 2021ರಿಂದ ವಿಧಿಸಿರುವ ಮುಂಗಡ ಅನುಮತಿಯ ಕಟ್ಟಳೆಯಿಂದಾಗಿ ವಿದೇಶಿ ಸೇವೆಗಳ ಪಾವತಿ ನಡುವೆ ನಿಂತುಹೋಗುವುದೂ ಉಂಟು. ವರ್ಷದ ಚಂದಾ ಕಟ್ಟುವ ಬದಲು ಬ್ರಹ್ಮಕಲಶ, ಮದುವೆ, ಮೇಳಗಳ ಕೆಲಸ ತುಂಬಿರುವ ತಿಂಗಳುಗಳಿಗಷ್ಟೇ ಕಟ್ಟಿ ಮಳೆಗಾಲದಲ್ಲಿ ನಿಲ್ಲಿಸುವುದು ಇಲ್ಲಿನ ದುಡಿಮೆಯ ಕ್ರಮಕ್ಕೆ ಒಗ್ಗುತ್ತದೆ. ವಿಡಿಯೋ ಸಾಧನಗಳಲ್ಲಿ ಕೆಟ್ಟು ಬಂದ ತುಣುಕಿಗೂ ಕ್ರೆಡಿಟ್ ಕಳೆಯುತ್ತದೆ, ದರ ಹೇಳುವಾಗ ಅದನ್ನೂ ಹಿಡಿಯಬೇಕು.

ಮಾದರಿಗಳು ಆಗಾಗ ಬದಲಾಗುತ್ತವೆ, ಕಾಣೆಯೂ ಆಗುತ್ತವೆ. ಲಕ್ಷಾಂತರ ಜನ ಬಳಸುತ್ತಿದ್ದ ಸ್ಟೇಬಲ್ ಡಿಫ್ಯೂಷನ್ 1.5ನ್ನು ರನ್‌ವೇ ಕಂಪನಿ 2024ರ ಆಗಸ್ಟಿನಲ್ಲಿ ಹಗ್ಗಿಂಗ್ ಫೇಸ್ ಜಾಲತಾಣದ ತನ್ನ ಖಾತೆಯಿಂದ ತೆಗೆದುಹಾಕಿತು. ಇಳಿಸಿಟ್ಟುಕೊಂಡವರ ಕೆಲಸ ನಡೆಯಿತು, ಕೊಂಡಿಯನ್ನು ನೆಚ್ಚಿದವರದು ನಿಂತಿತು. ಮೇಳವೊಂದರ ಪೋಸ್ಟರ್ ಸರಣಿ ಮುಂದಿನ ತಿರುಗಾಟಕ್ಕೂ ಅದೇ ರೂಪದಲ್ಲಿ ಬೇಕಾದೀತು. ಅದಕ್ಕೆ ಬಳಸಿದ ಮಾದರಿಯ ಆವೃತ್ತಿ, ಬರೆದು ಕೊಟ್ಟ ಸಾಲು, ಬೀಜಸಂಖ್ಯೆ (ಸೀಡ್), ಲೋರಾ ಕಡತ, ಮೂಲ ಫೋಟೋ, ವೇಷಧಾರಿಯ ಒಪ್ಪಿಗೆ ಪತ್ರ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎರಡು ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕು.